ಮ್ಯಾಂಚೆಸ್ಟರ್ ಯುನೈಟೆಡ್ ಉಳಿದದ್ದು ನಮ್ಮೂರ ಕ್ಲಬ್ಬಿನಿಂದಂತೆ, ಹೌದಾ? (ಬಿಷಪ್ ಆಕ್ಲೆಂಡ್ ಬಗ್ಗೆ ಗೊತ್ತಿರುವವರು ಹೇಳಿ)

ವಲಸೆ_ಹಕ್ಕಿ
ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಕೌಂಟಿ ಡರ್ಹಮ್‌ಗೆ ಬಂದು ಎಂಟು ತಿಂಗಳಾಯಿತು. ಮನೆ ಸಿಕ್ಕಿದ್ದು ಬಿಷಪ್ ಆಕ್ಲೆಂಡ್ ಅನ್ನುವ ಸಣ್ಣ ಊರಲ್ಲಿ. ಮಗನಿಗೆ ಹನ್ನೊಂದು ವರ್ಷ, ಫುಟ್‌ಬಾಲ್ ಹುಚ್ಚು. ಪ್ರೀಮಿಯರ್ ಲೀಗ್ ಟಿಕೆಟ್ ದರ ನೋಡಿ ಎದೆ ಧಸಕ್ಕೆಂದಿತು. ಸರಿ, ಊರಿನ ಕ್ಲಬ್ಬಿನ ಆಟಕ್ಕೇ ಹೋಗೋಣ ಅಂತ ಕಳೆದ ಶನಿವಾರ ಹೆರಿಟೇಜ್ ಪಾರ್ಕ್ ಮೈದಾನಕ್ಕೆ ಹೋದೆವು. ಕಣ್ಣಳತೆಯಲ್ಲಿ ಮುನ್ನೂರು ಜನ ಇರಬಹುದು. ನಮ್ಮೂರ ಜಾತ್ರೆಯಲ್ಲಿ ಮಿರ್ಚಿ ಬಜ್ಜಿ ಅಂಗಡಿ ಮುಂದೆ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ.

ಪಕ್ಕದಲ್ಲಿ ಒಬ್ಬ ಅಜ್ಜ ಕೂತಿದ್ದರು. ಕುತ್ತಿಗೆಗೆ ತಿಳಿನೀಲಿ ಕಡುನೀಲಿ ಸ್ಕಾರ್ಫು. ನನ್ನ ಮಗ ಮ್ಯಾಂಚೆಸ್ಟರ್ ಯುನೈಟೆಡ್ ಟೋಪಿ ಹಾಕಿಕೊಂಡಿದ್ದ. ಅದನ್ನು ನೋಡಿ, "ನಾವಿಲ್ಲದಿದ್ದರೆ ಅವರು ಇರುತ್ತಲೇ ಇರಲಿಲ್ಲ ಮಗೂ, ಆಟಗಾರರನ್ನು ಕೊಟ್ಟು ಉಳಿಸಿದವರು ನಾವು" ಅಂದರು. ಆಮೇಲೆ ಇನ್ನೊಂದು ಬಾಂಬು: ಈ ಕ್ಲಬ್ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಲಕ್ಷ ಜನರ ಮುಂದೆ ಆಡಿತ್ತಂತೆ. ನಾನು ತಲೆ ಆಡಿಸಿ ಸುಮ್ಮನಾದೆ. ಮಗ ಮಾತ್ರ ಮನೆಗೆ ಬಂದಾಗಿನಿಂದ ಪ್ರಾಣ ತಿನ್ನುತ್ತಿದ್ದಾನೆ. ಇದರಲ್ಲಿ ನಿಜ ಎಷ್ಟು, ಅಜ್ಜನ ಒಗ್ಗರಣೆ ಎಷ್ಟು?

ಸುಮ್ನೆ_ಓದೋನು
ಬಿಡಿ ಸಾರ್. ನಮ್ಮ ಭದ್ರಾವತಿಯಲ್ಲೂ ವಿಶ್ವನಾಥ್‌ಗೆ ಸ್ಕ್ವೇರ್ ಕಟ್ ಹೇಳಿಕೊಟ್ಟವರು ಬೀದಿಗೊಬ್ಬರು ಇದ್ದಾರೆ.

ಕೆಂಪು_ಸೈತಾನ
ಇಪ್ಪತ್ತು ವರ್ಷದಿಂದ ಯುನೈಟೆಡ್ ಫ್ಯಾನ್ ನಾನು. ಮ್ಯೂನಿಕ್ ವಿಮಾನ ದುರಂತ ಆದಮೇಲೆ ಕ್ಲಬ್ಬನ್ನು ಎತ್ತಿ ನಿಲ್ಲಿಸಿದ್ದು ಸಹಾಯಕ ಮ್ಯಾನೇಜರ್ ಜಿಮ್ಮಿ ಮರ್ಫಿ, ಮ್ಯಾನೇಜರ್ ಮ್ಯಾಟ್ ಬಸ್ಬಿ, ಆಟಗಾರ ಬಾಬಿ ಚಾರ್ಲ್ಟನ್. ಈ ಬಿಷಪ್ಪು ಪಾದ್ರಿ ಎಲ್ಲಾ ಎಲ್ಲಿಂದ ಬಂದರು? ಅಜ್ಜ ರೀಲು ಬಿಟ್ಟಿದ್ದಾರೆ ಅಷ್ಟೇ.

ಹಳೇ_ಸ್ಕೋರ್‌ಬೋರ್ಡ್
@ಕೆಂಪು_ಸೈತಾನ ಇಪ್ಪತ್ತು ವರ್ಷ ಫ್ಯಾನ್ ಆಗಿದ್ದೂ ವಾರೆನ್ ಬ್ರಾಡ್ಲಿ ಹೆಸರು ಕೇಳಿಲ್ಲವಾ? ಅಜ್ಜ ಹೇಳಿದ್ದು ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ.

1958ರ ಫೆಬ್ರವರಿ 6ಕ್ಕೆ ಮ್ಯೂನಿಕ್‌ನಲ್ಲಿ ಯುನೈಟೆಡ್ ತಂಡ ಇದ್ದ ವಿಮಾನ ಅಪಘಾತಕ್ಕೆ ಸಿಕ್ಕಿತು. ಸತ್ತವರು 23 ಜನ, ಅದರಲ್ಲಿ 8 ಮಂದಿ ಯುನೈಟೆಡ್ ಆಟಗಾರರು. ಬದುಕಿದವರಲ್ಲೂ ಕೆಲವರು ಮತ್ತೆ ಆಡುವ ಸ್ಥಿತಿಯಲ್ಲಿ ಇರಲಿಲ್ಲ. ರಿಸರ್ವ್ ತಂಡದ (ಅಂದರೆ ಕ್ಲಬ್ಬಿನ ಎರಡನೇ ತಂಡದ) ಹುಡುಗರನ್ನೆಲ್ಲ ಮೊದಲ ತಂಡಕ್ಕೆ ಎಳೆದುಕೊಂಡರು. ಹಾಗಾದರೆ ರಿಸರ್ವ್ ತಂಡಕ್ಕೆ ಯಾರು? ಅಲ್ಲಿಗೆ ಬಂದವರು ಬಿಷಪ್ ಆಕ್ಲೆಂಡಿನ ಮೂವರು: ಬಾಬ್ ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರೆನ್ ಬ್ರಾಡ್ಲಿ. ಮೂವರೂ ಅಮೆಚೂರ್‌ಗಳು, ಅಂದರೆ ಆಟಕ್ಕೆ ಸಂಬಳ ತಗೊಳ್ಳದವರು. ಹಾರ್ಡಿಸ್ಟಿಗೆ ಆಗ ವಯಸ್ಸು 37. ಆ ವಯಸ್ಸಿಗೆ ಬೇರೆಯವರು ಬೂಟು ಅಟ್ಟಕ್ಕೆ ಹಾಕಿರುತ್ತಾರೆ.

ಹಾರ್ಡಿಸ್ಟಿ, ಲೆವಿನ್ ರಿಸರ್ವ್ಸ್‌ಗೆ ಆಡಿದ್ದು ಅಷ್ಟೇ. ಬ್ರಾಡ್ಲಿ ಮಾತ್ರ ಅಲ್ಲೇ ಉಳಿದ. ಸ್ಕೂಲ್ ಮೇಷ್ಟರ ಕೆಲಸ ಬಿಡದೆ ಅರ್ಧಕಾಲದ ವೃತ್ತಿಪರನಾಗಿ ಸಹಿ ಹಾಕಿ, ಯುನೈಟೆಡ್ ಮೊದಲ ತಂಡಕ್ಕೆ 60ಕ್ಕೂ ಹೆಚ್ಚು ಪಂದ್ಯ ಆಡಿದ. 1959ರಲ್ಲಿ ಇಂಗ್ಲೆಂಡಿಗೆ ಮೂರು ಪಂದ್ಯ ಆಡಿ ಎರಡು ಗೋಲು ಹೊಡೆದ. ಒಂದೇ ಸೀಸನ್ನಿನಲ್ಲಿ ಇಂಗ್ಲೆಂಡಿನ ಅಮೆಚೂರ್ ತಂಡಕ್ಕೂ ಮುಖ್ಯ ತಂಡಕ್ಕೂ ಆಡಿದವನು ಅವನು. ಸೋಮವಾರ ಬೆಳಿಗ್ಗೆ ಮಾತ್ರ ತರಗತಿಯಲ್ಲಿ ಹಾಜರಿ ಕೂಗುತ್ತಿದ್ದ.

ಕೆಂಪು_ಸೈತಾನ
ಸರಿ, ಬ್ರಾಡ್ಲಿ ಒಪ್ಪಿದೆ. ಆದರೂ "ಉಳಿಸಿದರು" ಅನ್ನುವುದು ಜಾಸ್ತಿ ಆಯ್ತು. ಆ ವರ್ಷ ಎಫ್‌ಎ ಕಪ್ (ಇಂಗ್ಲೆಂಡಿನ ದೊಡ್ಡ ನಾಕ್‌ಔಟ್ ಟೂರ್ನಿ) ಫೈನಲ್‌ವರೆಗೆ ಹೋದ ತಂಡದಲ್ಲಿ ಈ ಮೂವರಲ್ಲಿ ಒಬ್ಬರೂ ಇರಲಿಲ್ಲ. ಬೋಲ್ಟನ್ ಎದುರು 2-0 ಸೋತೆವು, ಅದು ಬೇರೆ ಮಾತು.

ಹಳೇ_ಸ್ಕೋರ್‌ಬೋರ್ಡ್
ಮದುವೆ ಮನೆಯಲ್ಲಿ ಬಡಿಸುವವರು ಕಮ್ಮಿಯಾದಾಗ ಪಕ್ಕದ ಮನೆಯವರು ಪಂಚೆ ಎತ್ತಿ ಕಟ್ಟಿಕೊಂಡು ಬಂದು ನಿಂತರೆ ಮದುವೆ ಅವರೇ ಮಾಡಿದರು ಅನ್ನಲ್ಲ. ಆದರೆ ಮರೆಯುವುದೂ ಇಲ್ಲ ಅಲ್ವಾ? 1996ರಲ್ಲಿ ಬಿಷಪ್ ಆಕ್ಲೆಂಡ್ ದುಡ್ಡಿನ ತೊಂದರೆಯಲ್ಲಿದ್ದಾಗ ಯುನೈಟೆಡ್ ಬಂದು ಒಂದು ಸ್ನೇಹಪಂದ್ಯ ಆಡಿಕೊಟ್ಟಿತು. ನಿಮ್ಮ ಕ್ಲಬ್ಬೇ ಮರೆತಿಲ್ಲ, ನೀವು ಯಾಕೆ ಇಷ್ಟು ಜಗ್ಗಾಡುತ್ತೀರಿ?

ಕಡಲ_ತಡಿ
ಅದೆಲ್ಲ ಸರಿ ಮಾರಾಯ್ರೆ, ಮುನ್ನೂರು ಜನ ಬರುವ ಕ್ಲಬ್ಬು ವೆಂಬ್ಲಿಯಲ್ಲಿ ಲಕ್ಷ ಜನರ ಮುಂದೆ ಆಡಿದ್ದು ಹೇಗೆ? ಅದನ್ನು ಮೊದಲು ಹೇಳಿ.

ಲೆಕ್ಕದ_ಮೇಷ್ಟ್ರು
ಅದು ನಿಜವೇ. ಆಗ ಅಮೆಚೂರ್ ಆಟಗಾರರಿಗೆ ಅಂತಲೇ ಬೇರೆ ಕಪ್ ಇತ್ತು, ಎಫ್‌ಎ ಅಮೆಚೂರ್ ಕಪ್. ಬಿಷಪ್ ಆಕ್ಲೆಂಡ್ ಅದನ್ನು 10 ಸಲ ಗೆದ್ದಿದೆ. ಅಷ್ಟು ಬಾರಿ ಬೇರೆ ಯಾರೂ ಗೆದ್ದಿಲ್ಲ. ಮೊದಲನೆಯದು 1896, ಕೊನೆಯದು 1957. 1955, 56, 57 ಸತತ ಮೂರು ವರ್ಷ. ಫೈನಲ್‌ನಲ್ಲಿ ಸೋತದ್ದು ಇನ್ನೂ 8 ಸಲ. ಯುದ್ಧ ಮುಗಿದ ಮೇಲೆ ಫೈನಲ್ ವೆಂಬ್ಲಿಗೆ ಹೋಯಿತು, ಜನ ಮುಗಿಬಿದ್ದರು. 1951, 1954, 1955 ಮೂರೂ ಫೈನಲ್‌ಗೆ ತಲಾ ಒಂದು ಲಕ್ಷ ಪ್ರೇಕ್ಷಕರು, ಮೂರರಲ್ಲೂ ಬಿಷಪ್ ಆಕ್ಲೆಂಡ್.

1951ರಲ್ಲಿ ಸೋತದ್ದು ಪೆಗಾಸಸ್ ಎದುರು, 2-1. ಪೆಗಾಸಸ್ ಅಂದರೆ ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾರ್ಥಿಗಳು ಸೇರಿ ಕಟ್ಟಿದ ತಂಡ. ತಮಾಷೆ ಏನೆಂದರೆ ಬಿಷಪ್ ಆಕ್ಲೆಂಡಿನ ಎರಡು ನೀಲಿ ಬಣ್ಣ ಬಂದದ್ದೂ ಅದೇ ಆಕ್ಸ್‌ಫರ್ಡ್, ಕೇಂಬ್ರಿಜ್‌ನಿಂದ. 1880ರ ದಶಕದಲ್ಲಿ ಅಲ್ಲಿಯ ಬಿಷಪ್ಪರ ಅರಮನೆಗೆ ಧರ್ಮಶಾಸ್ತ್ರ ಓದಲು ಬಂದ ಹುಡುಗರು ಈ ಆಟ ಶುರುಮಾಡಿದರು. ಒಬ್ಬರದು ಕಡುನೀಲಿ, ಇನ್ನೊಬ್ಬರದು ತಿಳಿನೀಲಿ. ಅಜ್ಜನ ಸ್ಕಾರ್ಫು ಆ ಲೆಕ್ಕದ್ದು.

ವಲಸೆ_ಹಕ್ಕಿ
ಅಯ್ಯೋ! ಆ ಅರಮನೆ ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ವಾರಕ್ಕೆರಡು ಸಲ ಅದರ ಗೇಟಿನ ಮುಂದೆ ಹಾಲು ತರಲು ಹೋಗುತ್ತೇನೆ.

ಟೈನ್_ತೀರದವಳು
ನಾನು ನ್ಯೂಕಾಸಲ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಇಲ್ಲಿಯ ಬಿಷಪ್ಪರನ್ನು ಬರೀ ಪಾದ್ರಿ ಅಂದುಕೊಳ್ಳಬೇಡಿ. ಡರ್ಹಮ್‌ನ ಬಿಷಪ್ಪರಿಗೆ ಮಧ್ಯಯುಗದಲ್ಲಿ ಸ್ವಂತ ಸೈನ್ಯ, ಸ್ವಂತ ಟಂಕಸಾಲೆ ಎಲ್ಲಾ ಇತ್ತು. ನಮ್ಮ ಪಾಳೇಗಾರರ ಹಾಗೆ, ಜಪಮಾಲೆ ಹಿಡಿದ ಪಾಳೇಗಾರರು. ಆ ಅಧಿಕಾರ ಪೂರ್ತಿ ಹೋದದ್ದು 1836ರಲ್ಲಿ. ಊರ ಹೆಸರಿನ ಬಿಷಪ್ ಅವರೇ.

ಆದರೆ ಫುಟ್‌ಬಾಲ್ ಬೆಳೆಸಿದ್ದು ಅರಮನೆ ಅಲ್ಲ, ಕಲ್ಲಿದ್ದಲು ಗಣಿ. ಒಂದೊಂದು ಗಣಿ ಹಳ್ಳಿಗೂ ಒಂದು ತಂಡ. 1889ರಲ್ಲಿ ಶುರುವಾದ ನಾರ್ದರ್ನ್ ಲೀಗ್ ಇವತ್ತಿಗೂ ನಡೆಯುತ್ತಿದೆ. ಪ್ರಪಂಚದಲ್ಲಿ ಅದಕ್ಕಿಂತ ಹಳೆಯ ಫುಟ್‌ಬಾಲ್ ಲೀಗ್ ಒಂದೇ, ಇಂಗ್ಲಿಷ್ ಫುಟ್‌ಬಾಲ್ ಲೀಗ್. ಈ ನಾರ್ದರ್ನ್ ಲೀಗನ್ನು ಬಿಷಪ್ ಆಕ್ಲೆಂಡ್ 19 ಸಲ ಗೆದ್ದಿದೆ.

ಸುಮ್ನೆ_ಓದೋನು
ಇಂಥ ಸಣ್ಣ ಕ್ಲಬ್ಬುಗಳನ್ನು ನಾನ್-ಲೀಗ್ ಅಂತಾರೆ, ಆಮೇಲೆ ನಾರ್ದರ್ನ್ ಲೀಗ್ ಗೆದ್ದರು ಅಂತಾರೆ. ಲೀಗ್ ಇಲ್ಲದ ಲೀಗಾ?

ಟೈನ್_ತೀರದವಳು
ಹ್ಹಹ್ಹ. ನನಗೂ ಮೊದಲು ಹಾಗೇ ಗೊಂದಲ ಆಗಿತ್ತು. ಮೇಲಿನ ನಾಲ್ಕು ಡಿವಿಷನ್, 92 ಕ್ಲಬ್ಬು, ಅಷ್ಟೇ "ಲೀಗ್". ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ನೂರಾರು ಕ್ಲಬ್ಬು, ಎಲ್ಲಾ ನಾನ್-ಲೀಗ್. 1987ರ ತನಕ ಕೆಳಗಿನ ಲೀಗ್ ಗೆದ್ದರೂ ಮೇಲೆ ಹೋಗಲು ತಾನೇ ತಾನಾಗಿ ದಾರಿ ಇರಲಿಲ್ಲ. ಮೇಲಿನ ಕ್ಲಬ್ಬಿನವರು ಓಟು ಹಾಕಿ ಒಳಗೆ ಬಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಕ್ಲಬ್ ಮೆಂಬರ್‌ಶಿಪ್ ಥರ.

ಧಾರವಾಡ_ಪೇಡ
ಅಲ್ರೀ, ಎಲ್ಲಾರೂ ಅಮೆಚೂರ್ ಅಮೆಚೂರ್ ಅಂತ ಕಣ್ಣೀರು ಹಾಕಬೇಡ್ರಿ. ಆಟಗಾರರ ಬೂಟಿನೊಳಗೆ ನೋಟು ಇಡುತ್ತಿದ್ದರು ಅನ್ನುವ ಮಾತು ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು. ಲೆವಿನ್ ಮ್ಯಾಂಚೆಸ್ಟರ್ ಕಡೆಯವ. ಗೋಲ್‌ಕೀಪರ್ ಹ್ಯಾರಿ ಶಾರಟ್ ವಿಗನ್ ಕಡೆಯವ. ವಿಗನ್‌ನಿಂದ ಬಿಷಪ್ ಆಕ್ಲೆಂಡಿಗೆ ಪ್ರತಿ ಶನಿವಾರ ಪುಕ್ಕಟೆ ಬರಲು ಅವನೇನು ಸಂತನಾ? ಪಕ್ಕದ ಊರು ಕ್ರೂಕ್‌ನ ಕ್ಲಬ್ಬು ಇದೇ ಕಳ್ಳ ಪಾವತಿಯ ವಿಷಯದಲ್ಲಿ 1928ರಲ್ಲಿ ಸಿಕ್ಕಿಬಿತ್ತು. ಡರ್ಹಮ್ ಕೌಂಟಿಯಲ್ಲಿ ನೂರಾರು ಆಟಗಾರರನ್ನು ಅಮಾನತು ಮಾಡಿದರು. ಎಲ್ಲಾರೂ ತಿನ್ನುವವರೇ, ಸಿಕ್ಕವರು ಮಾತ್ರ ಕಳ್ಳರು.

ಹಳೇ_ಸ್ಕೋರ್‌ಬೋರ್ಡ್
@ಧಾರವಾಡ_ಪೇಡ ಬೂಟಿನ ನೋಟು ಇತ್ತು, ಇಲ್ಲ ಅನ್ನಲ್ಲ. ಆ ನಾಟಕ ಸಾಕಾಗಿಯೇ 1974ರಲ್ಲಿ ಎಫ್‌ಎ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ) ಅಮೆಚೂರ್-ವೃತ್ತಿಪರ ಅನ್ನುವ ಭೇದ ತೆಗೆದುಹಾಕಿ ಆ ಕಪ್ಪನ್ನೇ ನಿಲ್ಲಿಸಿತು. ಆದರೆ ಊರ ಹೊರಗಿನವರು ಆಡಿದರು ಅಂದಮಾತ್ರಕ್ಕೆ ಎಲ್ಲರೂ ದುಡ್ಡಿಗೆ ಆಡಿದರು ಅನ್ನುವುದು ತಪ್ಪು. ಬಿಷಪ್ ಆಕ್ಲೆಂಡಿಗೆ ಆಡಿದ ಶೇಮಸ್ ಓ'ಕಾನೆಲ್ ಕಥೆ ನೋಡಿ. ಮನೆಯವರದು ಕಾರ್ಲೈಲ್‌ನಲ್ಲಿ ದನದ ವ್ಯಾಪಾರ. 1954ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ಬಿನ ಪರ ಅವನ ಮೊದಲ ಪಂದ್ಯ, ಎದುರು ಮ್ಯಾಂಚೆಸ್ಟರ್ ಯುನೈಟೆಡ್. ಹ್ಯಾಟ್ರಿಕ್ ಹೊಡೆದ. ಚೆಲ್ಸಿ 6-5 ಸೋತಿತು, ಅದೂ ಬೇರೆ. ಅದೇ ಸೀಸನ್ನಿನಲ್ಲಿ ಚೆಲ್ಸಿ ಲೀಗ್ ಗೆದ್ದಿತು, ಬಿಷಪ್ ಆಕ್ಲೆಂಡ್ ಅಮೆಚೂರ್ ಕಪ್ ಗೆದ್ದಿತು, ಎರಡರಲ್ಲೂ ಈ ಮನುಷ್ಯ ಇದ್ದ. ಚೆಲ್ಸಿ ವೃತ್ತಿಪರನಾಗು ಅಂದರೆ ಒಪ್ಪಲಿಲ್ಲ. ದನದ ವ್ಯಾಪಾರದಲ್ಲಿ ಜಾಸ್ತಿ ದುಡ್ಡಿತ್ತು!

ಆಗ ವೃತ್ತಿಪರರ ಸಂಬಳಕ್ಕೂ ಗರಿಷ್ಠ ಮಿತಿ ಇತ್ತು, 1961ರವರೆಗೆ. ಮೇಷ್ಟರ ಕೆಲಸ, ವ್ಯಾಪಾರ ಇದ್ದವನಿಗೆ ಫುಟ್‌ಬಾಲೇ ಹೊಟ್ಟೆಪಾಡು ಮಾಡಿಕೊಳ್ಳುವ ಅಗತ್ಯ ಇರಲಿಲ್ಲ. ಅದಕ್ಕೇ ಇಷ್ಟು ಒಳ್ಳೆ ಆಟಗಾರರು ಇಂಥ ಊರಿಗೆ ಸಿಕ್ಕಿದ್ದು.

ಧಾರವಾಡ_ಪೇಡ
ದನದ ಸಂತೆಯ ಮುಂದೆ ಚೆಲ್ಸಿ ಬ್ಯಾಡ ಅಂದವನು ನಮ್ಮವನೇ ಬಿಡ್ರಿ. ಆದರೂ ಬೂಟಿನ ವಿಷಯ ನಾನು ಬಿಡಲ್ಲ.

ಲೆಕ್ಕದ_ಮೇಷ್ಟ್ರು
ಅದೇ 1954-55ರಲ್ಲಿ ಎಫ್‌ಎ ಕಪ್ಪಿನಲ್ಲೂ ಬಿಷಪ್ ಆಕ್ಲೆಂಡ್ ಓಡಿತ್ತು. ಕ್ರಿಸ್ಟಲ್ ಪ್ಯಾಲೇಸ್‌ಗೆ ಅದರ ಮೈದಾನದಲ್ಲೇ 4-2. ಆಮೇಲೆ ಇಪ್ಸ್‌ವಿಚ್ ಜೊತೆ 2-2, ಮರುಪಂದ್ಯದಲ್ಲಿ 3-0. ನಾಲ್ಕನೇ ಸುತ್ತಲ್ಲಿ ಯಾರ್ಕ್ ಸಿಟಿ ಎದುರು 3-1 ಸೋಲು. ಆ ಯಾರ್ಕ್ ಸೆಮಿಫೈನಲ್‌ವರೆಗೆ ಹೋಯಿತು.

ಹಿಂದಿನ ವರ್ಷದ್ದು ಇನ್ನೂ ಚೆಂದ. ಅಮೆಚೂರ್ ಕಪ್ ಫೈನಲ್, ಎದುರಾಳಿ ಯಾರು? ಎಂಟು ಕಿಲೋಮೀಟರ್ ಆಚೆಯ ಕ್ರೂಕ್. ಎರಡು ಪುಟ್ಟ ಗಣಿ ಊರುಗಳು ಲಂಡನ್ನಿನವರೆಗೆ ಹೋಗಿ ಲಕ್ಷ ಜನರ ಮುಂದೆ ಆಡಿ ಸಮ ಮಾಡಿಕೊಂಡವು. ಮರುಪಂದ್ಯ ನ್ಯೂಕಾಸಲ್‌ನಲ್ಲಿ, 56,000 ಜನ, ಮತ್ತೆ ಸಮ. ಮೂರನೆಯದು ಮಿಡಲ್ಸ್‌ಬರೋದಲ್ಲಿ. ಅದರಲ್ಲಿ ಕ್ರೂಕ್ 1-0 ಗೆದ್ದಿತು. ಮದ್ದೂರು, ಮಂಡ್ಯ ತಂಡಗಳು ದೆಹಲಿಗೆ ಹೋಗಿ ಮೂರು ಸಲ ಜಗಳ ಆಡಿದ ಹಾಗೆ.

ಕಡಲ_ತಡಿ
ಆ ಗೋಲ್‌ಕೀಪರ್ ಶಾರಟ್ ಅಂದಿರಲ್ಲ, ಆಟ ಆ ಕಡೆ ನಡೆಯುವಾಗ ಗೋಲಿನ ಗೆರೆ ಮೇಲೆ ಹಿಮದ ಗೊಂಬೆ ಮಾಡಿ ನಿಲ್ಲಿಸಿದವ ಅವನೇ ಅಲ್ವಾ? ಎಲ್ಲೋ ಓದಿದ ನೆನಪು.

ಹಳೇ_ಸ್ಕೋರ್‌ಬೋರ್ಡ್
ಅವನೇ. ಹಾಗಂತ ಕಥೆ ಹೇಳುತ್ತಾರೆ. ಕೆಲಸದಲ್ಲಿ ಅವನೂ ಮೇಷ್ಟ್ರೇ.

ಸುಮ್ನೆ_ಓದೋನು
ಆ ತಂಡಕ್ಕೆ ಸ್ಟಾಫ್ ರೂಮೇ ಡ್ರೆಸ್ಸಿಂಗ್ ರೂಮು ಅನ್ಸುತ್ತೆ.

ಗೌತಮಪುರದ_ಗೋಲಿ
ಎಲ್ಲರೂ ಸ್ವಲ್ಪ ಈ ಕಡೆ ನೋಡಿ. ಹಾರ್ಡಿಸ್ಟಿಗೂ ನಮ್ಮ ಬೆಂಗಳೂರಿಗೂ ಒಂದು ನಂಟು ಇದೆ. ಹಲಸೂರು ಕಡೆ ಹಳೇ ಆಟಗಾರರ ಮನೆಯಲ್ಲಿ ಬೆಳೆದವನು ನಾನು, 1948ರ ಕಥೆ ಕೇಳುತ್ತಲೇ ಊಟ ಮಾಡಿದವನು.

1948 ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ, ಎದುರು ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಫ್ರಾನ್ಸ್ ಒಂದು ಹೊಡೆಯಿತು, ನಮ್ಮ ಸಾರಂಗಪಾಣಿ ರಾಮನ್ ಸಮ ಮಾಡಿದರು. ರಾಮನ್ ಬೆಂಗಳೂರಿನವರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಹೋಯಿತು. (ಹಿರಿಯರು ಇವತ್ತಿಗೂ ಆ ಪೆನಾಲ್ಟಿ ಬಗ್ಗೆ ಬೈದುಕೊಳ್ಳುತ್ತಾರೆ.) ಕೊನೆಗೆ 2-1 ಸೋಲು.

ಆ ಫ್ರಾನ್ಸನ್ನು ಮುಂದಿನ ಸುತ್ತಲ್ಲಿ ಹೊರಗೆ ಹಾಕಿದ್ದು ಗ್ರೇಟ್ ಬ್ರಿಟನ್, 1-0. ಆ ಒಂದು ಗೋಲು ಹೊಡೆದದ್ದು ಬಾಬ್ ಹಾರ್ಡಿಸ್ಟಿ! ಬ್ರಿಟನ್ ತಂಡದ ಮ್ಯಾನೇಜರ್ ಯಾರು ಗೊತ್ತಾ? ಮ್ಯಾಟ್ ಬಸ್ಬಿ. 1958ರಲ್ಲಿ ಯುನೈಟೆಡ್‌ಗೆ ಹಾರ್ಡಿಸ್ಟಿ ನೆನಪಾದದ್ದು ಸುಮ್ಮನೆ ಅಲ್ಲ, ಹತ್ತು ವರ್ಷದ ಪರಿಚಯ.

ವಲಸೆ_ಹಕ್ಕಿ
ಮೈ ಜುಂ ಅಂತು. ಇದನ್ನು ಅಜ್ಜನಿಗೆ ಹೇಳಲೇಬೇಕು.

ಗೌತಮಪುರದ_ಗೋಲಿ
ಇನ್ನೂ ಇದೆ ತಡಿರಿ. ಹಾರ್ಡಿಸ್ಟಿ 1948, 1952, 1956 ಮೂರು ಒಲಿಂಪಿಕ್ಸ್‌ಗೂ ಹೋದವರು. 1952ರಲ್ಲಿ ಬ್ರಿಟನ್ ಲಕ್ಸಂಬರ್ಗ್ ಕೈಲಿ ಒದೆ ತಿಂದು ಹೊರಗೆ. ನಾವು ಯುಗೊಸ್ಲಾವಿಯಾ ಕೈಲಿ 10-1. ಆ ಒಂದು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಅವರದು. 1956ರಲ್ಲಿ ಬ್ರಿಟನ್ನಿಗೆ ಬಲ್ಗೇರಿಯಾ 6-1 ಕೊಟ್ಟಿತು. ಅದೇ ಬಲ್ಗೇರಿಯಾ ಕಂಚಿನ ಪಂದ್ಯದಲ್ಲಿ ನಮ್ಮನ್ನು 3-0 ಸೋಲಿಸಿತು. ಅಂದರೆ ಆ ವರ್ಷ ನಾವು ನಾಲ್ಕನೇ ಸ್ಥಾನ, ಬ್ರಿಟನ್ ಎಲ್ಲೋ ಕೆಳಗೆ. ಇದನ್ನೂ ಅಜ್ಜನಿಗೆ ಹೇಳಿ, ಸ್ವಲ್ಪ ಮೆತ್ತಗೆ.

ಧಾರವಾಡ_ಪೇಡ
ಮೆತ್ತಗೆ ಯಾಕ್ರೀ, ಜೋರಾಗೇ ಹೇಳ್ರಿ.

ಕಡಲ_ತಡಿ
ಇದು ನ್ಯೂಜಿಲೆಂಡಿನ ಆಕ್ಲೆಂಡಿಗೆ ಏನಾದರೂ ಸಂಬಂಧವಾ? ಹೆಸರು ಒಂದೇ ಅಂತ ಕೇಳಿದೆ, ಬೈಯಬೇಡಿ.

ಟೈನ್_ತೀರದವಳು
ಬೈಯುವ ಪ್ರಶ್ನೆಯೇ ಇಲ್ಲ, ಸಂಬಂಧ ಇದೆ! ಬಿಷಪ್ ಆಕ್ಲೆಂಡ್ ಪಕ್ಕದಲ್ಲೇ ವೆಸ್ಟ್ ಆಕ್ಲೆಂಡ್ ಅಂತ ಹಳ್ಳಿ. ಅಲ್ಲಿಯ ಈಡನ್ ಮನೆತನದವರಿಗೆ ಆಕ್ಲೆಂಡ್ ಅನ್ನುವ ಬಿರುದು. ಅವರಲ್ಲಿ ಜಾರ್ಜ್ ಈಡನ್, ಲಾರ್ಡ್ ಆಕ್ಲೆಂಡ್, 1836ರಿಂದ 1842ರವರೆಗೆ ಭಾರತದ ಗವರ್ನರ್ ಜನರಲ್. ಕಾಬೂಲಿಗೆ ಸೈನ್ಯ ಕಳಿಸಿ ಕೈ ಸುಟ್ಟುಕೊಂಡ ಮಹಾಶಯ. ನ್ಯೂಜಿಲೆಂಡಿನ ಊರಿಗೆ ಅವನ ಹೆಸರು. ಕೋಲ್ಕತ್ತದ ಈಡನ್ ಗಾರ್ಡನ್ಸ್ ಅವನ ಅಕ್ಕತಂಗಿಯರಿಂದ ಬಂದ ಹೆಸರು ಅನ್ನುತ್ತಾರೆ.

ಸುಮ್ನೆ_ಓದೋನು
ಫುಟ್‌ಬಾಲ್ ಕೇಳಿದರೆ ಕ್ರಿಕೆಟ್ ಸ್ಟೇಡಿಯಂಗೆ ಬಂದು ನಿಂತಿತು. ನಾವು ಭಾರತೀಯರು ಅಂತ ಬೇರೆ ಪುರಾವೆ ಬೇಕಾ.

ಲೆಕ್ಕದ_ಮೇಷ್ಟ್ರು
ವೆಸ್ಟ್ ಆಕ್ಲೆಂಡ್ ಅಂದಮೇಲೆ ಅವರ ಕಪ್ ಕಥೆ ಹೇಳದೆ ಇರಲಾಗಲ್ಲ. 1909ರಲ್ಲಿ, ವಿಶ್ವಕಪ್ ಶುರುವಾಗುವುದಕ್ಕೆ 21 ವರ್ಷ ಮೊದಲು, ಚಹಾ ವ್ಯಾಪಾರಿ ಥಾಮಸ್ ಲಿಪ್ಟನ್ ಹೆಸರಿನ ಕಪ್ಪಿಗೆ ಇಟಲಿಯ ಟೂರಿನ್‌ನಲ್ಲಿ ಪಂದ್ಯ ನಡೆಯಿತು. ಇಂಗ್ಲೆಂಡಿನಿಂದ ಹೋದದ್ದು ಈ ಗಣಿ ಕೆಲಸಗಾರರ ತಂಡ. ಗೆದ್ದು ಬಂದರು. 1911ರಲ್ಲಿ ಮತ್ತೆ ಹೋಗಿ ಫೈನಲ್‌ನಲ್ಲಿ ಜುವೆಂಟಸ್ಸನ್ನು 6-1 ಬಡಿದರು. ಕಪ್ ಬಂತು, ಸಾಲವೂ ಬಂತು. ಕಪ್ಪನ್ನು ಊರಿನ ಹೋಟೆಲ್ ಯಜಮಾನಿ ಹತ್ತಿರ ಅಡ ಇಟ್ಟರು! ಬಿಡಿಸಿಕೊಂಡದ್ದು 1960ರಲ್ಲಿ. 1994ರಲ್ಲಿ ಕಳ್ಳರು ಹೊತ್ತುಕೊಂಡು ಹೋದರು, ಈಗ ಇರುವುದು ನಕಲು.

ಆ 1909ರ ತಂಡದಲ್ಲಿ ಜ್ಯಾಕ್ ಗ್ರೀನ್‌ವೆಲ್ ಅಂತ ಒಬ್ಬ ಇದ್ದ, ಕ್ರೂಕ್ ಕಡೆಯ ಗಣಿಯವನು. ಮುಂದೆ ಬಾರ್ಸಿಲೋನಾಗೆ ಹೋಗಿ ಆಡಿದ, ವರ್ಷಗಟ್ಟಲೆ ಅದರ ಕೋಚ್ ಆಗಿದ್ದ. 1939ರಲ್ಲಿ ಪೆರು ದೇಶಕ್ಕೆ ದಕ್ಷಿಣ ಅಮೆರಿಕದ ಚಾಂಪಿಯನ್ ಪಟ್ಟ ಗೆಲ್ಲಿಸಿಕೊಟ್ಟ.

ಕೆಂಪು_ಸೈತಾನ
ಈಗ ಬಾರ್ಸಿಲೋನಾನೂ ಇವರೇ ಉಳಿಸಿದ್ದು ಅನ್ನಿ, ಮುಗಿದು ಹೋಗಲಿ 😄

ಕಡಲ_ತಡಿ
ಅದು ಸರಿ, ಇಷ್ಟೆಲ್ಲ ಇದ್ದ ಕ್ಲಬ್ಬು ಮುನ್ನೂರು ಜನಕ್ಕೆ ಇಳಿದದ್ದು ಯಾಕೆ?

ಟೈನ್_ತೀರದವಳು
ಗಣಿ ಮುಚ್ಚಿದವು, ಅದು ಮೊದಲನೆಯದು. ಕೆಲಸ ಹೋದ ಊರಲ್ಲಿ ಶನಿವಾರದ ಟಿಕೆಟ್ಟೂ ಖರ್ಚೇ. ಟಿವಿ ಬಂತು. ಅಮೆಚೂರ್ ಕಪ್ ನಿಂತಿತು, ಈ ಕ್ಲಬ್ಬಿಗೆ ರಾಜ ಅನ್ನಿಸಿಕೊಳ್ಳಲು ಇದ್ದ ರಾಜ್ಯವೇ ಹೋಯಿತು.

ಆದರೆ ನನ್ನ ಪ್ರಕಾರ ದೊಡ್ಡ ಹೊಡೆತ ಮೈದಾನದ್ದು. ಹಳೆಯ ಮೈದಾನ ಕಿಂಗ್ಸ್‌ವೇ ಊರ ನಡುವೆ ಇತ್ತು, ಕ್ರಿಕೆಟ್ ಕ್ಲಬ್ ಜೊತೆ ಹಂಚಿಕೊಂಡಿದ್ದರು. 2001ರಲ್ಲಿ ಅದನ್ನು ಬಿಟ್ಟರು. ಹೊಸ ಮೈದಾನ, ಹೆರಿಟೇಜ್ ಪಾರ್ಕ್, ತೆರೆದದ್ದು 2010ರಲ್ಲಿ. ನಡುವೆ ಒಂಬತ್ತು ವರ್ಷ ಅಕ್ಕಪಕ್ಕದ ಊರುಗಳ ಮೈದಾನದಲ್ಲಿ ಬಾಡಿಗೆಗೆ ಆಡಿದರು. ಒಂಬತ್ತು ವರ್ಷ ಅಂದರೆ ಒಂದು ತಲೆಮಾರಿನ ಹುಡುಗರು. ಅಪ್ಪನ ಕೈ ಹಿಡಿದು ನಡೆದು ಹೋಗಬೇಕಿದ್ದವರು ಮನೆಯಲ್ಲಿ ಟಿವಿಯಲ್ಲಿ ಯುನೈಟೆಡ್ ನೋಡಿ ಬೆಳೆದರು. ಆ ನಡುವೆಯೇ, 2006ರಲ್ಲಿ, ಕ್ಲಬ್ ಒಂದು ಮೆಟ್ಟಿಲು ಇಳಿದು ಮತ್ತೆ ಹಳೇ ನಾರ್ದರ್ನ್ ಲೀಗಿಗೆ ಬಂತು.

ಕೆಂಪು_ಸೈತಾನ
ಕೊನೆಗೆ ತಪ್ಪು ನಮ್ಮ ತಲೆಗೇ ಬಂತಾ?

ಹಳೇ_ಸ್ಕೋರ್‌ಬೋರ್ಡ್
ನಿಮ್ಮ ತಲೆಗಲ್ಲ, ಟಿವಿ ರಿಮೋಟ್ ತಲೆಗೆ. ಮೈದಾನದ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಗಣಿ ವಿಷಯ ಅಷ್ಟು ನೇರ ಅಲ್ಲ. 1957 ಆದಮೇಲೆ ಆ ಕಪ್ಪನ್ನು ಇವರು ಮತ್ತೆ ಗೆಲ್ಲಲೇ ಇಲ್ಲ. ಗಣಿಗಳು ಇನ್ನೂ ನಡೆಯುತ್ತಿದ್ದ ಕಾಲ ಅದು. ಆ ಒಂದು ತಂಡಕ್ಕೆ ವಯಸ್ಸಾಯಿತು, ಅಂಥವರು ಮತ್ತೆ ಸಿಗಲಿಲ್ಲ, ಅಷ್ಟೇ.

ವಲಸೆ_ಹಕ್ಕಿ
ಶನಿವಾರ ಮತ್ತೆ ಹೋಗಿದ್ದೆವು. ಬೆಳಿಗ್ಗೆಯಿಂದ ಮಳೆ, ಮೈದಾನದಲ್ಲಿ ನೀರು ನಿಂತು ಆಟ ರದ್ದು. ಅದು ಗೊತ್ತಾಗಿದ್ದು ಗೇಟಿನ ಹತ್ತಿರ ಹೋದಮೇಲೆ. ಅಜ್ಜನೂ ಕೊಡೆ ಹಿಡಿದು ಅಲ್ಲೇ ನಿಂತಿದ್ದರು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ 1948ರ ವಿಷಯ ಹೇಳಿದೆ. ಫ್ರಾನ್ಸ್ ಎದುರು ಹಾರ್ಡಿಸ್ಟಿ ಹೊಡೆದ ಗೋಲು ಅವರಿಗೆ ಗೊತ್ತೇ ಇರಲಿಲ್ಲ! ನಮ್ಮವರು ಬರಿಗಾಲಲ್ಲಿ ಆಡಿದರು ಅಂದಾಗ ಮೂರು ಸಲ "ಬರಿಗಾಲಾ?" ಅಂತ ಕೇಳಿದರು. ರಿಸರ್ವ್ಸ್ ಮಾತು ಎತ್ತಿದಾಗ ಮಾತ್ರ "ರಿಸರ್ವ್ಸೂ ಯುನೈಟೆಡ್ಡೇ ಅಲ್ವಾ" ಅಂತ ನನ್ನನ್ನೇ ಗದರಿಸಿದರು. ಬೂಟಿನ ನೋಟಿನ ವಿಷಯ ಕೇಳಿದೆ. ಕಿವಿ ಕೇಳಿಸದವರ ಹಾಗೆ ಚಹಾ ಕುಡಿದರು.

ಮಗ ನೀಲಿ ಸ್ಕಾರ್ಫ್ ತಗೊಂಡಿದ್ದಾನೆ. ಯುನೈಟೆಡ್ ಟೋಪಿಯನ್ನೂ ಬಿಟ್ಟಿಲ್ಲ.

ಧಾರವಾಡ_ಪೇಡ
ಕಿವಿ ಕೇಳಿಸಲಿಲ್ಲ ಅಂದರೆ ಉತ್ತರ ಸಿಕ್ಕಿತು ಬಿಡ್ರಿ.

ಗೌತಮಪುರದ_ಗೋಲಿ
ರದ್ದಾದ ಆಟ ಯಾವಾಗಂತೆ? ನನ್ನ ಅಣ್ಣನ ಮಗ ಡಾರ್ಲಿಂಗ್ಟನ್‌ನಲ್ಲಿದ್ದಾನೆ, ಕಳಿಸುತ್ತೇನೆ.

ವಲಸೆ_ಹಕ್ಕಿ
ಮಂಗಳವಾರ ರಾತ್ರಿ. ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡು ಬರಲು ಹೇಳಿ.